ನಾರಿಹಳ್ಳದ ಗುಂಟ

ಏರು ಬೇಡ, ಸಮದಾರಿ ನಡೀರಿ ಅಂದರು ಸಂಡೂರಿನ ಡಾಕ್ಟರು.
ಅದಕ್ಕೇ ಈ ಹಳ್ಳದ ದಂಡೆ, ಹೊಸ ಕ್ಯಾನ್ವಾಸು ಬೂಟು,
ಜೇಬಿನಲ್ಲಿ ಉಸಿರಿಗೆ ಎಳೆದುಕೊಳ್ಳುವ ನೀಲಿ ಕೊಳವೆ.
ಮುಂದೆ ಸಕ್ರಿಬಾಯಿ, ಅರಣ್ಯದವರ ದಿನಗೂಲಿ ಕಾವಲಿನವಳು,
ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ
ತಿರುಗಿ ನೋಡದೆ ನಡೆಯುತ್ತಾಳೆ.

ಇಪ್ಪತ್ತೆರಡು ವರ್ಷ ನಾನು ತೂಕದ ಕಟ್ಟೆಯ ಕಾರಕೂನ.
ಲಾರಿ ಹತ್ತುತ್ತಿತ್ತು, ಮುಳ್ಳು ನಡುಗಿ ನಿಲ್ಲುತ್ತಿತ್ತು.
ಹದಿನಾರು ಟನ್ನಿದ್ದರೆ ಹದಿನಾರು,
ಇಪ್ಪತ್ತಾರಿದ್ದು ಹದಿನಾರು ಬರಿ ಅಂದರೂ
ಹದಿನಾರು.
ಗುಡ್ಡದ ಹೆಸರು ಕೇಳಿದವನಲ್ಲ;
ನನ್ನ ಕಿಟಕಿಗೆ ಬರುವ ಹೊತ್ತಿಗೆ ಅದು
ಟಾರ್ಪಾಲು ಹೊದ್ದಿರುತ್ತಿತ್ತು.

ಇಲ್ಲಿ ದಾರಿಗೆ ಅವಸರವಿಲ್ಲ.
ಹಳ್ಳ ಬಳಸಿದಲ್ಲಿ ತಾನೂ ಬಳಸುತ್ತದೆ,
ಬಂಡೆ ಅಡ್ಡ ಬಂದರೆ ಹತ್ತು ಹೆಜ್ಜೆ ಬಿದಿರಿನೊಳಗೆ ಹೋಗಿ
ಏನೋ ಮರೆತವರ ಹಾಗೆ ಮತ್ತೆ ನೀರಿನ ಬಳಿಗೆ ಬರುತ್ತದೆ.
ಕಾರ್ತಿಕದ ಬಿಸಿಲು ಎಲೆ ಸಂದಿಯಿಂದ ಚಿಲ್ಲರೆಯಾಗಿ ಬೀಳುತ್ತದೆ.
ದಿಂಡಲು, ಹೊನ್ನೆ, ತೂಬರೆ,
ಒಂದೊಂದಕ್ಕೂ ಕೋಲು ತಾಗಿಸಿ ಹೇಳುತ್ತಾಳೆ ಸಕ್ರಿಬಾಯಿ,
ಹಾಜರಿ ಕೂಗಿದಂತೆ.
ಯಾರೂ ಗೈರಿಲ್ಲ ಈ ಮಗ್ಗುಲಲ್ಲಿ.
ಆಚೆ ಮಗ್ಗುಲಿಗೆ ಅವಳು ಕೋಲು ತೋರಿಸುವುದಿಲ್ಲ.

ತಿರುವಿನಲ್ಲಿ ಒಂದು ಹೊಳೆಮತ್ತಿ.
ಬೂದಿ ಬಳಿದುಕೊಂಡ ಮೈ, ನೀರಿಗಿಳಿಬಿಟ್ಟ ಬೇರು,
ನಾನು ನಾಲ್ಕು ಸಲ ತೋಳು ಚಾಚಿದರೂ ಸುತ್ತು ಮುಗಿಯಲಿಲ್ಲ.
ನನ್ನಪ್ಪನ ಮುತ್ತಜ್ಜ ಹುಟ್ಟುವ ಮೊದಲೇ
ಇದಕ್ಕೆ ನೆರಳಿತ್ತು.
ಆದರೂ ಹಾಳು ಚಾಳಿ, ಬಾಯಿಗೆ ಬಂದೇ ಬಿಟ್ಟಿತು:
ಎಷ್ಟಾದೀತು? ಎಂಟು ಟನ್ನು? ಹತ್ತು?
ಸಕ್ರಿಬಾಯಿ ನಕ್ಕಳು.
"ಒಳಗಿನ ನೀರು ಹಿಡದೋ, ಬಿಟ್ಟೋ?
ಮಳಿಗಾಲದಾಗ ಒಂದ್ ಒಜ್ಜಿ, ಬ್ಯಾಸಿಗ್ಯಾಗ ಒಂದ್ ಒಜ್ಜಿ ರೀ ಇದಕ.
ಹಕ್ಕಿ ಕುಂತಾಗ ಇನ್ನೊಂದು."

ಮುಂದೆ ಹುತ್ತ ಒಡೆದಿದೆ, ಮಣ್ಣು ಇನ್ನೂ ಹಸಿ.
ರಾತ್ರಿ ಕರಡಿ ಬಂದಿತ್ತಂತೆ.
"ಈಗ ಇಲ್ಲ" ಅನ್ನುತ್ತಾಳೆ,
ಪಕ್ಕದ ಮನೆಯವರು ಸಂತೆಗೆ ಹೋಗಿದ್ದಾರೆ
ಅನ್ನುವ ಧಾಟಿಯಲ್ಲಿ.
ನನ್ನ ಹೆಜ್ಜೆ ಮಾತ್ರ ಆಮೇಲೆ ಸ್ವಲ್ಪ ದೂರ
ಅವಳ ಹೆಜ್ಜೆಯ ಮೇಲೇ ಬೀಳುತ್ತಿತ್ತು.

ಚಪ್ಪಟೆ ಬಂಡೆಯ ಮೇಲೆ ಕೂತೆವು.
ಪೇಪರಿನಲ್ಲಿ ಕಟ್ಟಿದ ವಗ್ಗರಣಿ, ತಣ್ಣಗಾದ ಎರಡು ಮಿರ್ಚಿ.
ಮಿಂಚುಳ್ಳಿಯೊಂದು ನೀರು ಗೀರಿ ಹೋಯಿತು, ಬರಿ ಬಾಯಲ್ಲಿ.
ಅವಳ ತಾಯಿ ಬಟ್ಟೆ ಒಗೆಯುತ್ತಿದ್ದುದು ಈ ಬಂಡೆಯ ಮೇಲಂತೆ.
ಲಾರಿಗಳ ಕಾಲದಲ್ಲಿ ಎಷ್ಟು ಕುಕ್ಕಿದರೂ
ಲಂಗದ ಕನ್ನಡಿ ಬಿಲ್ಲೆಗಳು ಕೆಂಪಗೇ ಇರುತ್ತಿದ್ದವಂತೆ,
ಮುಖ ನೋಡಿಕೊಂಡರೆ ಜ್ವರ ಬಂದವರ ಹಾಗೆ ಕಾಣುತ್ತಿತ್ತಂತೆ.
"ನೀವು ಯಾವ ಕಡಿ ಕೆಲಸದಾಗ ಇದ್ರಿ?"
"ಲೆಕ್ಕದ ಕಡೆ" ಅಂದೆ.
ಅವಳು ಮಿರ್ಚಿಯ ತೊಟ್ಟು ನೀರಿಗೆಸೆದಳು.
ಅದು ಸುತ್ತು ಹೊಡೆದು ಹೋಯಿತು.

ನೀರು ಈಗ ತಿಳಿ. ತಳದ ಹರಳು ಎಣಿಸಬಹುದು.
ಸುಮ್ಮನೆ, ಕೈಗೆ ಏನಾದರೂ ಬೇಕಾಗಿ,
ಅಂಗೈಯಗಲದ ಒಂದು ಕಲ್ಲು ಮಗುಚಿದೆ.
ಅಡಿಯಿಂದ ಕೆಂಪು ಎದ್ದಿತು:
ಮೊದಲು ಹೊಗೆಯಷ್ಟು, ಆಮೇಲೆ ದಾರದಷ್ಟು,
ಹೊಳೆಮತ್ತಿಯ ಬೇರಿನ ತನಕ ಹರಿದು ಅಲ್ಲಿ ತಡೆದು
ಮತ್ತೆ ಹೊರಟಿತು.
ಕೆಮ್ಮು ಬಂತು. ನೀಲಿ ಕೊಳವೆ. ಒಂದು ಎಳೆತ, ಎರಡು.
ಸಕ್ರಿಬಾಯಿ ಅಷ್ಟು ಹೊತ್ತೂ
ಮರದ ತುದಿ ನೋಡುತ್ತಿದ್ದಳು, ನನ್ನನ್ನಲ್ಲ.

ಕಲ್ಲನ್ನು ಇದ್ದಲ್ಲೇ ಇಡಲು ಹೋದೆ.
ಯಾವ ಮೈ ಮೇಲಿತ್ತು, ತಿಳಿಯಲಿಲ್ಲ.
ಹೀಗಿಟ್ಟೆ, ಹಾಗಿಟ್ಟೆ; ಹಳ್ಳ ಎರಡನ್ನೂ ಬಳಸಿಕೊಂಡು ಹೋಯಿತು.
"ಬಿಡ್ರಿ, ಅದು ಕುಂದರತೈತಿ" ಅಂದಳು ಎದ್ದು,
ಸೀರೆಗಂಟಿದ ಹುಲ್ಲು ಕೊಡವಿ,
"ಇನ್ನ ಅರ್ಧ ದಾರಿ ಐತಿ."