ಒಂಟಿ ಕೈಗವಸು

ಸೋಮವಾರ ಬಂದ ಡಬ್ಬಿಯಲ್ಲಿ ಮೂರು ಹೊಸ ಸಾಮಾನು:
ಹಲ್ಲುಜ್ಜಿದ್ದು ಸಾಲದೆಂದು ಫೋನಿಗೆ ಚಾಡಿ ಹೇಳುವ ಬ್ರಷ್ಷು,
ಕುಡಿ ಕುಡಿ ಎಂದು ಗಂಟೆಗೊಮ್ಮೆ ಮಿಣುಕುವ ಬಾಟಲಿ,
ಮತ್ತೆ ಇದು, ಕೋಟಿನ ಗುಂಡಿಯಷ್ಟೇ ಇರುವ ಬಿಳಿ ಬಿಲ್ಲೆ.
ಯಾವುದಕ್ಕೆ ಸಿಕ್ಕಿಸಿದರೂ ಅದು ಎಲ್ಲಿದೆಯೆಂದು
ನಕ್ಷೆಯಲ್ಲಿ ನೀಲಿ ಚುಕ್ಕೆಯಾಗಿ ಕೂತು ಹೇಳುತ್ತದೆ.
ಹದಿನಾಲ್ಕು ದಿನ ಬಳಸಿ, ಜಾಹೀರಾತಿಗೆ ಎರಡು ಸಾಲು ಬರೆದು,
ಡಬ್ಬಿ ಹರಿಯದಂತೆ ವಾಪಸು ಕಳಿಸಬೇಕು.
ನನ್ನ ಕಸುಬು ಅದು.

ಆ ಎರಡು ಸಾಲನ್ನೂ ನಾನೇ ಬರೆಯಬೇಕೆಂದಿಲ್ಲ ಈಗ.
ಕೇಳಿದರೆ ನಲವತ್ತು ಕೊಡುವ ಯಂತ್ರವಿದೆ;
'ಇನ್ನಷ್ಟು ಉತ್ಸಾಹ' ಒತ್ತಿದರೆ
ನಲವತ್ತರ ಬಾಲಕ್ಕೂ ಒಂದೊಂದು ಉದ್ಗಾರ ಕಟ್ಟುತ್ತದೆ.
ಜರಡಿ ಹಿಡಿದ ಮೇಲೆ ಉಳಿದವು ಎರಡು.
ಅ: ಇನ್ನು ಮುಂದೆ ಏನೂ ಕಳೆಯುವುದಿಲ್ಲ.
ಆ: ಕಳೆದದ್ದು ನಿಮಗಾಗಿ ಕಾಯುತ್ತಿದೆ.
ಅರ್ಧ ರೀಗಾಕ್ಕೆ ಅ, ಇನ್ನರ್ಧಕ್ಕೆ ಆ.
ಯಾವುದರ ಮೇಲೆ ಹೆಚ್ಚು ಬೆರಳು ಬೀಳುತ್ತದೋ ಅದು ನಿಜ.

ಆದರೆ ನಾನು ಏನನ್ನೂ ಕಳೆದುಕೊಂಡಿರಲಿಲ್ಲ.
ಉಣ್ಣದೆ ತೇಗಿದ ಹಾಗಾಗುತ್ತದೆ ಎಂದುಕೊಂಡು
ಬುಧವಾರ, ಹನ್ನೊಂದನೇ ನಂಬರಿನ ಟ್ರಾಮಿನಲ್ಲಿ,
ಝೆಂಟಾ ಚಿಕ್ಕಮ್ಮ ಹೆಣೆದ ಜೋಡಿಯಲ್ಲಿ ಎಡಗೈದನ್ನು
ಮಣಿಕಟ್ಟಿನ ಮಡಿಕೆಯೊಳಗೆ ಬಿಲ್ಲೆ ಹುದುಗಿಸಿ
ಸೀಟಿನ ಮೇಲೆ ಬಿಟ್ಟು ಇಳಿದೆ.
ಬಾಗಿಲು ಮುಚ್ಚಿತು.
ಎಡಗೈ ಜೇಬಿಗೆ ಓಡಿತು.

ಚುಕ್ಕೆ ಉತ್ತರಕ್ಕೆ ಹೋಯಿತು, ಪೈನ್ ಮರಗಳತ್ತ,
ಮೃಗಾಲಯದ ಸ್ಟಾಪಿನಲ್ಲಿ ಇಳಿಯಿತು,
ನಲವತ್ತು ಹೆಜ್ಜೆ ನಡೆಯಿತು, ನಿಂತಿತು.
ಗುರುವಾರವೂ ಅಲ್ಲೇ. ಶುಕ್ರವಾರ ಸೊನ್ನೆಗಿಂತ ಹದಿನಾಲ್ಕು ಕೆಳಗೆ, ಅಲ್ಲೇ.
ಕದ್ದವರು ಇಷ್ಟು ಹೊತ್ತು ಚಳಿಯಲ್ಲಿ ನಿಲ್ಲುತ್ತಾರೆಯೇ?
'ಕೆಲಸ ಮಾಡ್ತಿದೆಯಾ?' ಆಫೀಸಿನಿಂದ ರೈತಿಸ್.
'ಚುಕ್ಕೆ ಇದೆ' ಎಂದೆ.
'ಬೆಚ್ಚಗಿದೆಯಾ?' ಫೋನಿನಲ್ಲಿ ಚಿಕ್ಕಮ್ಮ.
'ಹೂಂ' ಎಂದೆ, ಅರ್ಧ ಸುಳ್ಳು.
'ಹಿಂಬದಿಗೆ ಬೆಳ್ಳಿಚುಕ್ಕಿ ಹಾಕಿದೀನಿ, ಅಂಚಿಗೆ ಹಸಿರು ಗೆರೆ.
ಇಡೀ ಊರಲ್ಲಿ ಇನ್ನೊಬ್ಬರ ಹತ್ತಿರ ಇಂಥದ್ದಿಲ್ಲ.
ಬಿದ್ದರೂ ನಿನ್ನದೂಂತ ಗೊತ್ತಾಗುತ್ತೆ.'
ಅವಳ ಒಂದು ಜೋಡಿಯಂತೆ ಇನ್ನೊಂದಿಲ್ಲ;
ಎಪ್ಪತ್ತೊಂದು ವರ್ಷ, ಚಾರ್ಜು ಹಾಕಿದ್ದೇ ಇಲ್ಲ.

ಶನಿವಾರ ಹೋದೆ.
ಕಬ್ಬಿಣದ ಬೇಲಿ. ಅದರ ಒಂದು ಮೊನೆಗೆ ತೊಡಿಸಿದ್ದರು,
ಅಂಗೈ ಬೀದಿಗೆ ಮಾಡಿ,
ಯಾರನ್ನೋ ತಡೆದು ನಿಲ್ಲಿಸುವಂತೆ.
ಪಕ್ಕದ ಮೊನೆಗೆ ಗಂಡಸಿನ ಬೂದು ಚರ್ಮದ್ದು,
ಅದರಾಚೆ ಮಗುವಿನದು, ಕೆಂಪು, ಹೆಪ್ಪುಗಟ್ಟಿ ಸೆಟೆದಿತ್ತು.
ಯಾರೋ ಬಗ್ಗಿದ್ದಾರೆ, ಹಿಮ ಕೊಡವಿದ್ದಾರೆ,
ಕಣ್ಣಿನ ಎತ್ತರಕ್ಕೆ ಏರಿಸಿ ತಮ್ಮ ದಾರಿ ಹಿಡಿದಿದ್ದಾರೆ.
ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ನಾನೂ ಮಾಡಿದ್ದೇನೆ.
ಅದಕ್ಕೆ ಹೆಸರಿದೆಯೋ ಇಲ್ಲವೋ, ಯೋಚಿಸಿರಲಿಲ್ಲ.

'ನಿಮ್ಮ ವಸ್ತು ಹತ್ತಿರದಲ್ಲಿದೆ' ಎಂದಿತು ಫೋನು,
ಅದರ ಮುಂದೆ ನಿಂತಿದ್ದವಳಿಗೆ.
ಸದ್ದಿನ ಗುಂಡಿ ಒತ್ತಿದೆ;
ಉಣ್ಣೆಯೊಳಗೆ ಮರಿಹಕ್ಕಿಯೊಂದು ಕೀರಿತು,
ಬೇಲಿಯ ಮೇಲಿನ ಕಾಗೆ ಹಾರಿತು.
ಕೆಂಪು ಗವಸು ಸುಮ್ಮನಿತ್ತು.
ಬಿಲ್ಲೆಯನ್ನು ಅದರೊಳಗೆ ಹಾಕಲೇ, ಒಂದು ಗಳಿಗೆ ಅನಿಸಿತು.
ಹಾಕಿದರೂ ಅದು ಹೇಳುವುದು ನನಗೆ,
ಆ ಮಗುವಿಗಲ್ಲವಲ್ಲ.
ಟ್ರಾಮಿನ ಕಿಟಕಿಗೆ ಕಾಣುವ ಹಾಗೆ
ಅದನ್ನು ಸ್ವಲ್ಪ ತಿರುಗಿಸಿಟ್ಟೆ.

ಗೆದ್ದದ್ದು ಅ. ಮೂರು ಪಾಲು ಜನಕ್ಕೆ
ಏನೂ ಕಳೆಯಬಾರದು.

ಹದಿನಾಲ್ಕನೆಯ ದಿನ, ಅಂಚೆ ಕಚೇರಿಯ ಹೊರಗೆ,
ಕಂಕುಳಲ್ಲಿ ಮೂರೂ ಇರುವ ಡಬ್ಬಿ.
ಫೋನಿನ ಕೊನೆಯ ಪ್ರಶ್ನೆ:
'ಈ ವಸ್ತುವನ್ನು ಮರೆಯಬೇಕೇ?'
ಒತ್ತಿದೆ. ಮತ್ತೆ ಒತ್ತಿದೆ.
ಉಣ್ಣೆಯ ಬೆರಳು ಗಾಜಿಗೆ ತಿಳಿಯುವುದಿಲ್ಲ.
ಮರೆಯಬೇಕಾದರೆ
ಮೊದಲು ಕೈಗವಸು ಕಳಚಬೇಕಿತ್ತು.