ಬುಡದ ಬಾಟಲಿ

ಆ ಕತೆಯನ್ನು ಹನ್ನೊಂದು ವರ್ಷ
ನಾನು ಅರ್ಧವೇ ಹೇಳುತ್ತಿದ್ದೆ.
ಉಪ್ಪಳ್ಳಿಯ ಹೈಸ್ಕೂಲು, ಒಂಬತ್ತನೇ ಕ್ಲಾಸು,
ಊಟದ ಬೆಲ್ಲಿನ ನಂತರದ ತೂಕಡಿಕೆಯ ಪೀರಿಯಡ್ಡಿಗೆ
ಹೇಳಿ ಮಾಡಿಸಿದ ಕತೆ:
ಫ್ರಾನ್ಸಿನಲ್ಲಿ ಒಬ್ಬ ಕಾಯಿಲೆಯ ಮನುಷ್ಯ
ಭಾವನಿಗೆ ಕಾಗದ ಬರೆದ,
ಪಾದರಸದ ಕೊಳವೆ ಹೊತ್ತು ನಿಮ್ಮೂರ ಬೆಟ್ಟ ಹತ್ತಿ,
ಗಾಳಿಗೆ ತೂಕವಿದ್ದದ್ದೇ ಆದರೆ
ಮೇಲೆ ಅದು ಕಮ್ಮಿ, ಪಾದರಸ ಇಳಿಯಬೇಕು.
ಹತ್ತಿದರು. ಇಳಿಯಿತು. ಮೂರು ಅಂಗುಲದಷ್ಟು.
ಸಾವಿರದ ಆರುನೂರ ನಲವತ್ತೆಂಟು, ಬರಕೊಳ್ಳಿ.
ಬರಕೊಳ್ಳುತ್ತಿದ್ದರು.

ಆ ವರ್ಷ ಜುಬೇದಾ ಕೈ ಎತ್ತಿದಳು.
ದಮ್ಮಿನ ಹುಡುಗಿ, ಕಿಟಕಿ ಬಿಟ್ಟು ಕೂರದವಳು,
ಚೀಲದ ಹೊರಜೇಬಲ್ಲಿ ಸದಾ ನೀಲಿ ಪಂಪು.
ಗಾಳಿಗೆ ತೂಕವಿದೆಯೆಂದು
ಅವಳಿಗೆ ಬೇರೆ ಹೇಳಿಕೊಡಬೇಕೆ.
"ಅವರು ಮೇಲಿದ್ದಾಗ ಕೆಳಗೂ ಇಳಿದಿದ್ದರೆ ಸಾರ್?
ಅವತ್ತು ಎಲ್ಲಾ ಕಡೆ ಇಳಿಯೋ ದಿನವೇ ಆಗಿದ್ದರೆ?"

ನನಗೆ ಗೊತ್ತಿರಲಿಲ್ಲ.
ಗೊತ್ತಿಲ್ಲ ಅನ್ನುವುದಕ್ಕೆ ಇನ್ನೂ ಒಂದು ದಿನ ಹಿಡಿಯಿತು.
ಮೊದಲ ದಿನ, ಅದು ಪರೀಕ್ಷೆಗಿಲ್ಲ ಕೂತ್ಕೋ, ಎಂದಿದ್ದೆ.

ಹುಡುಕಿದೆ. ಇದ್ದ.
ಬೆಟ್ಟದ ಕೆಳಗೆ ಮಠದ ತೋಟದಲ್ಲಿ ಇನ್ನೊಂದು ಕೊಳವೆ,
ಅದರೆದುರು ಒಬ್ಬ ಸನ್ಯಾಸಿ,
ಬೆಳಗಿನಿಂದ ಸಂಜೆತನಕ ನೋಡಿದ,
ಅದು ಅಲ್ಲಾಡಲಿಲ್ಲ.
ಹತ್ತಿದವರ ಮಾತಿಗೆ ಆಧಾರ
ಹತ್ತದವನ ಆ ಬರಿದಾದ ದಿನ.
ಹನ್ನೊಂದು ವರ್ಷ ಅವನನ್ನು
ತೋಟದಲ್ಲೇ ಬಿಟ್ಟು ಬಂದಿದ್ದೆ.

ಜನವರಿಯಲ್ಲಿ ಮುಳ್ಳಯ್ಯನಗಿರಿಗೆ ಹೊರಟೆವು.
ಪಾದರಸಕ್ಕೆ ಎಲ್ಲಿ ಹೋಗುವುದು?
ಎರಡು ಗಾಜಿನ ಬಾಟಲಿ, ಆಸ್ಪತ್ರೆಯ ಡ್ರಿಪ್ಪಿನ ನಳಿಗೆ,
ಬಾಯಿಗೆ ಮೇಣ, ಒಳಗೆ ಕೆಂಪು ಶಾಯಿ ಬೆರೆತ ನೀರು.
ಸಿಕ್ಕಿಬಿದ್ದ ಗಾಳಿ, ಹೊರಗಿನದು ಹಗುರಾದರೆ,
ನೀರನ್ನು ನಳಿಗೆಯೊಳಗೆ ಮೇಲೆ ನೂಕೀತು.
ಒಂದನ್ನು ಮೆಲ್ವಿನ್ ಎಳೆಮಗುವಿನ ಹಾಗೆ ಎತ್ತಿಕೊಂಡ.
ಇನ್ನೊಂದು ಮೆಟ್ಟಿಲ ಬುಡದಲ್ಲಿ,
ಚುರುಮುರಿ ಗಾಡಿ ಪಕ್ಕ, ಜುಬೇದಾಳ ಎದುರು.
ಕಾಲುಗಂಟೆಗೊಮ್ಮೆ ಬರಿ, ಎಂದೆ.
ಏನೂ ಆಗದಿದ್ದರೆ ಏನೂ ಆಗಿಲ್ಲ ಅಂತಲೇ ಬರಿ.
ಏನೂ ಆಗಲ್ಲ, ಎಂದೂ ಅಂದೆ.
ಅದನ್ನು ಅನ್ನಬಾರದಿತ್ತು.

ಮೇಲೆ ಕಿವಿ ಕಿತ್ತುಹೋಗುವ ಗಾಳಿ.
ಗುಡಿಯ ಗೋಡೆಯ ಮರೆಗೆ ಕುಕ್ಕರಿಸಿ ಅಳೆದರು.
ನಾಲ್ಕು ಬೆರಳು!
ಧರ್ಮೇಶ ಕುಣಿದೇ ಬಿಟ್ಟ,
ನಾನೂ ಚಪ್ಪಾಳೆ ತಟ್ಟಿದೆ.

ಇಳಿದು ಬಂದರೆ ಅವಳ ನೋಟ್‌ಬುಕ್ಕಿನಲ್ಲಿ:
ಹತ್ತೂಕಾಲು, ಏನೂ ಆಗಿಲ್ಲ.
ಹತ್ತೂವರೆ, ಏನೂ ಆಗಿಲ್ಲ. ಒಂದು ನಾಯಿ ಬಂತು, ಓಡಿಸಿದೆ.
ಹತ್ತೂಮುಕ್ಕಾಲು, ಮಂಜು ಸರಿದು ಬಿಸಿಲು. ಅರ್ಧ ಬೆರಳು ಮೇಲೆ.
ಹನ್ನೊಂದು, ಒಂದೂವರೆ.
ಹನ್ನೊಂದೂಕಾಲು, ಎರಡು. ಗಾಡಿಯವರು ಕೊಡೆ ಕೊಟ್ಟರು.
ಹನ್ನೊಂದೂವರೆ, ನೆರಳಲ್ಲಿ, ಒಂದು.

"ಕೆಡಿಸಿಬಿಟ್ಟಳು ಸಾರ್," ಎಂದ ಧರ್ಮೇಶ,
"ಅಲ್ಲಾಡಿಸಿರ್ತಾಳೆ."
ಹಿಂದಿನಿಂದ ಯಾರೋ:
ಏನೂ ಆಗಿಲ್ಲ ಅಂತ ತಿದ್ದಿದರಾಯ್ತು,
ಕತೆಯಲ್ಲಿ ಹಾಗೇ ತಾನೆ ಇರೋದು.
ಒಂದು ಗಳಿಗೆ ನನಗೂ ಹಾಗನ್ನಿಸಿತೆಂದು
ಇಲ್ಲಿ ಬರೆದಿಡುತ್ತೇನೆ, ಗಂಟೆ ಹನ್ನೆರಡು.

ಜುಬೇದಾ ಪಂಪು ಎಳೆದಳು.
ಉಸಿರು ಹಿಂದಿರುಗುವವರೆಗೆ ಎಲ್ಲರೂ ಕಾಯಬೇಕಾಯಿತು.
ಆಮೇಲೆ ಕೇಳಿದಳು:
"ನಿಮ್ಮ ನಾಲ್ಕು ಬೆರಳಲ್ಲಿ
ಬೆಟ್ಟದ್ದೆಷ್ಟು, ಬಿಸಿಲಿಂದೆಷ್ಟು?"

ಕೈಮರದವರೆಗೂ ಬಸ್ಸಿನಲ್ಲಿ ಅದೇ ಜಗಳ.
ಮೇಲೆ ಬಿಸಿಲೆಲ್ಲಿತ್ತು, ಬರೀ ಚಳಿ.
ಚಳಿಗೆ ಗಾಳಿ ಕುಗ್ಗಲ್ವಾ?
ಹಾಗಾದ್ರೆ ಬೆಟ್ಟದ್ದು ನಾಲ್ಕಕ್ಕಿಂತ ಜಾಸ್ತೀನೇ!
ಮೆಲ್ವಿನ್ ಎತ್ತಿಕೊಂಡಿದ್ದನಲ್ಲ,
ಅವನ ಹೊಟ್ಟೆಯ ಶಾಖ ಯಾರ ಲೆಕ್ಕಕ್ಕೆ?
ಮುಂದಿನ ಸಲ ಬಾಟಲಿಯನ್ನು ಥರ್ಮಾಸಿನೊಳಗಿಡೋಣ.
ನಮ್ಮನೇಲಿದೆ, ಮುಚ್ಚಳ ಒಡೆದಿದೆ ಅಷ್ಟೆ.
ಕತೆ ಹೇಳಿದ ಮೇಷ್ಟ್ರನ್ನು ಯಾರೂ ಏನೂ ಕೇಳಲಿಲ್ಲ.
ತಿರುವಿನಲ್ಲಿ ಇಬ್ಬರು ವಾಂತಿ ಮಾಡಿಕೊಂಡರು, ಜಗಳ ನಿಲ್ಲಲಿಲ್ಲ.

ಕಿಟಕಿ ಸೀಟಿನ ಪಕ್ಕ ಧರ್ಮೇಶ
ಬಹಳ ಹೊತ್ತಿನಿಂದ ತನ್ನ ಕೈಯನ್ನೇ ನೋಡುತ್ತಿದ್ದ.
ಮೆಲ್ಲಗೆ ಅವಳ ಕೈ ಪಕ್ಕ ಹಿಡಿದು ನೋಡಿದ.
"ಸಾರ್," ಎಂದ, "ನನ್ನ ಬೆರಳು ದಪ್ಪ.
ಅವಳದು ಸಣ್ಣ."

ಬಸ್ಸು ಸುಮ್ಮನಾಯಿತು.
ಯಾರೋ ಚೀಲದೊಳಗೆ
ಸ್ಕೇಲು ಹುಡುಕತೊಡಗಿದರು.