ಟೊಮ್ಕು ಏನಂದ?

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ
ಟಿವಿ ಇದ್ದದ್ದು ಗಾರ್ಡ್ ಮರಿಯದಾಸರ ಮನೆಯಲ್ಲೊಂದೇ.
ಭಾನುವಾರ ಒಂಬತ್ತೂವರೆಗೆ
ಅವರ ಹಜಾರದ ಕೆಂಪು ನೆಲದ ಮೇಲೆ
ನಾವು ಹದಿಮೂರು ಮಕ್ಕಳು, ಒಂದು ಕುಂಟ ನಾಯಿ,
ಗಾಜಿನ ಆಚೆಗೆ ಟೊಮ್ಕು:
ಅಂಚೆಚೀಲ ಹೊತ್ತ ನೀರುನಾಯಿ,
ಟೋಪಿ ಅವನ ತಲೆಗಿಂತ ಎರಡು ಸುತ್ತು ದೊಡ್ಡದು.

ಟೊಮ್ಕು ಆಡುತ್ತಿದ್ದದ್ದು ಹಿಂದಿ.
ನಮಗೆ ಬರುತ್ತಿದ್ದ ಹಿಂದಿಯೆಂದರೆ
ತಡವಾದ ಗಾಡಿಗಳ ಪರವಾಗಿ ಸ್ಟೇಷನ್ ಮೈಕು
ಕ್ಷಮೆ ಕೇಳುವಷ್ಟು.
ಅದಕ್ಕೇ ಮುನೀರ ಬೇಕಿತ್ತು.
ಅವನ ಮನೆಮಾತು ಉರ್ದು, ಅವನಿಗೆಲ್ಲ ತಿಳಿಯುತ್ತದೆ
ಎಂದು ಅವನೇ ಹೇಳಿದ್ದ.
ತಲೆಗೊಂದು ಹುಣಸೆಕಾಯಿ ಕೂಲಿ.
ಬಾಕಿ ಇಟ್ಟವರಿಗೆ ಅರ್ಧವೇ ಅರ್ಥ.

"ಆ ಉದ್ದ ಕೊಕ್ಕಿನ ಬಕ ಇದಾನಲ್ಲ,
ಟೊಮ್ಕುಗೆ ಸೋದರಮಾವ ಆಗಬೇಕು. ಆಸ್ತಿ ಹೊಡೆದಿದಾನೆ."
ನಾವು ಬಕನಿಗೆ ಹಲ್ಲು ಕಡಿಯುತ್ತಿದ್ದೆವು.
ಕೊನೆಗೆ, ಪ್ರತಿ ವಾರವೂ,
ಟೊಮ್ಕು ಮರದ ಸೇತುವೆಯ ಮೇಲೆ ನಿಂತು
ಟೋಪಿ ತೆಗೆದು ನಮ್ಮ ಕಡೆಗೇ ತಿರುಗಿ ಏನೋ ಹೇಳುತ್ತಿದ್ದ.
ಮುನೀರ ದನಿ ತಗ್ಗಿಸುತ್ತಿದ್ದ:
"ಅಮ್ಮಾ, ಎಲ್ಲರ ಕಾಗದ ಮುಟ್ಟಿಸಿದೆ.
ನಿನ್ನದೊಂದು ಉಳಿದಿದೆ. ವಿಳಾಸ ಕಳಿಸು."

ಹದಿಮೂರರಲ್ಲಿ ಒಂಬತ್ತು ಜನವಾದರೂ ಅಳುತ್ತಿದ್ದೆವು.

ನಡುವೆ ಗೂಡ್ಸ್ ಗಾಡಿ ಬಂದರೆ
ಕಿಟಕಿ ಅದುರಿ, ಲೋಟ ಅದುರಿ,
ಟೊಮ್ಕುವಿನ ದನಿ ಪೂರ್ತಿ ಮುಳುಗಿಹೋಗುತ್ತಿತ್ತು.
ಆಗಲೂ ಮುನೀರ ಬಿಡುತ್ತಿರಲಿಲ್ಲ.
ಹುಣಸೆ ವಾಸನೆಯ ಬಾಯನ್ನು ನನ್ನ ಕಿವಿಗಿಟ್ಟು
ಅರ್ಥ ಹೇಳುತ್ತಲೇ ಇದ್ದ.
ಕೇಳಿಸದ ಮಾತಿಗೆ ಅರ್ಥ ಎಲ್ಲಿಂದ ತರುತ್ತೀಯೋ
ಎಂದು ಒಬ್ಬರೂ ಕೇಳಲಿಲ್ಲ.

ಈಗ ಟೊಮ್ಕು ಮತ್ತೆ ಬಂದಿದ್ದಾನೆ.
ಇದು ನಾಲ್ಕನೆಯ ಸಿನಿಮಾವಂತೆ.
ಮೈಕೂದಲು ಒಂದೊಂದೂ ಎಣಿಸಬಹುದು.
ಅಂಚೆಚೀಲ ಹೋಗಿ ಸ್ಕೂಟರ್ ಬಂದಿದೆ,
ಇದ್ದಕ್ಕಿದ್ದಂತೆ ಮೂವರು ತಮ್ಮಂದಿರು,
ಮೂವರಿಗೂ ಬೇರೆ ಬಣ್ಣ, ಗೊಂಬೆ ಮಾರಲು ಅನುಕೂಲ.
ಟೊಮ್ಕು ಜಾಮಿಟ್ರಿ ಬಾಕ್ಸು, ಟೊಮ್ಕು ಚಡ್ಡಿ, ಟೊಮ್ಕು ಟೂತ್‌ಪೇಸ್ಟು.
ಊರಿನ ಯೂನಿಫಾರ್ಮೆಲ್ಲ ಹೊಲಿಯುವ ನನಗೇ
ಮಗ ಚಿರಂತನ ತಾಕೀತು:
ಮೊಣಕಾಲಿನ ತೂತಿಗೆ ಟೊಮ್ಕು ತೇಪೆಯೇ ಬೇಕು.

ಹಳೆಯ ಕಂತುಗಳೂ ಸಿಗುತ್ತವೆ ಮೊಬೈಲಿನಲ್ಲಿ,
ಈಗ ಅಚ್ಚ ಕನ್ನಡದಲ್ಲಿ.
ಒಂದು ರಾತ್ರಿ ಕಾಜಾ ಹಾಕುವುದನ್ನು ಅಲ್ಲಿಗೇ ಬಿಟ್ಟು
ನೋಡಿದೆ.

ಬಕ ಸೋದರಮಾವನಲ್ಲ.
ಮೀನು ಇಲಾಖೆಯ ಇನ್ಸ್‌ಪೆಕ್ಟರು, ಒಂಥರಾ ಒಳ್ಳೆಯವನು.
ಆಸ್ತಿ ಇಲ್ಲ. ಅಮ್ಮ ಇಲ್ಲ.
ಐವತ್ತೆರಡು ಕಂತಿನಲ್ಲಿ ಆ ಶಬ್ದವೇ ಇಲ್ಲ.
ಸೇತುವೆಯ ಮೇಲೆ ಟೋಪಿ ತೆಗೆದು
ಟೊಮ್ಕು ಹೇಳುವುದಿಷ್ಟು:
"ಗರಿಗರಿ ಗೋಧಿ ಬಿಸ್ಕತ್ತು ತಿನ್ನಿ,
ಮುಂದಿನ ವಾರ ಸಿಗೋಣ."

ನಕ್ಕೆ. ಪಕ್ಕದ ಮನೆಯವರು ಎದ್ದು ದೀಪ ಹಾಕುವಷ್ಟು ನಕ್ಕೆ.
ಆಮೇಲೆ ಬೆರಳು ಮಡಿಸಿದೆ:
ಮುನೀರನ ತಾಯಿಯನ್ನು ಹಾಸನದ ದೊಡ್ಡಾಸ್ಪತ್ರೆಗೆ
ಜಟಕಾದಲ್ಲಿ ಮಲಗಿಸಿ ಸ್ಟೇಷನ್ನಿಗೆ ಕರೆದೊಯ್ದದ್ದು
ಯುಗಾದಿಗೆ ಮುಂಚೆ.
ಟೊಮ್ಕು ಶುರುವಾದದ್ದು ಬೇಸಿಗೆ ರಜೆಗೆ.
ಇಷ್ಟು ವರ್ಷ ಈ ಎರಡನ್ನೂ
ನಾನು ಒಂದೇ ದಾರಕ್ಕೆ ಪೋಣಿಸಿರಲಿಲ್ಲ.

ಮುನೀರ ಈಗ ಮಂಡಿಯಲ್ಲಿ ಕೊಬ್ಬರಿ ತೂಗುತ್ತಾನೆ.
ಹೋಗಿ ಕೇಳಿದೆ.
ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ:
"ಟಿವಿ ಹಿಂದಿ ನನಗೆಲ್ಲಿ ಬರ್ತಿತ್ತು ಶೀಲಿ?
ಹುಣಸೆಕಾಯಿ ಬರ್ತಿತ್ತು."
ಮತ್ತೆ ಆ ಸೇತುವೆ?
"ಯಾವ ಸೇತುವೆ?"
ಒಂದು ಬಟ್ಟಲು ಕೊಬ್ಬರಿ ಕೈಗಿಟ್ಟು
ಹಳೇ ಕೂಲಿ ವಾಪಸ್ಸು ಅಂದ.
ಮುಂದಿನ ಮೂಟೆಯ ತೂಕವನ್ನು
ಎರಡು ಸಲ ತಪ್ಪಾಗಿ ಬರೆದು ಹೊಡೆದುಹಾಕಿದ.

ಈ ಭಾನುವಾರ ಚಿರಂತ ಹಳೆಯದನ್ನು ಹಾಕಿಕೊಂಡಿದ್ದ.
ಸೇತುವೆ ಬಂತು.
ಟೊಮ್ಕು ಟೋಪಿ ತೆಗೆದ.
ಅಷ್ಟರಲ್ಲಿ ಬೀರೂರಿನ ಕಡೆಯಿಂದ ಗೂಡ್ಸು.
ಸೂಜಿಡಬ್ಬಿ ಅದುರಿತು, ಕಿಟಕಿ ಅದುರಿತು,
ಅವನ ಬಾಯಿ ಆಡುತ್ತಿತ್ತು, ಮಾತಿರಲಿಲ್ಲ.

"ಏನಂದ? ಅಮ್ಮಾ, ಏನಂದ?"

ವ್ಯಾಗನ್ನುಗಳು ಇನ್ನೂ ಮುಗಿದಿರಲಿಲ್ಲ.
ಮಗನ ಕಿವಿಗೆ
ಬಾಯಿಟ್ಟೆ.